ಯಾವ ಧಾತು ಸಂವತ್ಸರ?

ನನ್ನ ಮೇಜಿನ ಮೇಲೆ ಎರಡು ಪುಸ್ತಕಗಳಿವೆ. ಒಂದು, ಮಲೆನಾಡಿನ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರದ ಹೊತ್ತಿಗೆ, 1983ರಲ್ಲಿ, ಅಚ್ಚಾದ ಸ್ಮರಣ ಸಂಚಿಕೆ. ಇನ್ನೊಂದು, 2004ರಲ್ಲಿ ನಮ್ಮ ದೊಡ್ಡಪ್ಪ ಸ್ವಂತ ಖರ್ಚಿನಲ್ಲಿ ಮಾಡಿಸಿದ ವಂಶಾವಳಿಯ ಪುಸ್ತಿಕೆ. ಎರಡರಲ್ಲೂ ನಮ್ಮ ಮನೆತನದ ಬಗ್ಗೆ ಒಂದೇ ಮಾತಿದೆ: ನಮ್ಮ ಮೂಲಪುರುಷರು 1816ರಲ್ಲಿ, ಮೈಸೂರು ಅರಸರ ಅಪೇಕ್ಷೆಯ ಮೇರೆಗೆ, ಶಿರಾ ಸೀಮೆಯಿಂದ ಮಲೆನಾಡಿಗೆ ಬಂದು ನೆಲೆಸಿದರು.

ಚಿಕ್ಕಂದಿನಿಂದ ಕೇಳಿದ ಮಾತು ಇದು. ಪುಣೆಗೆ ಬಂದು ಮೂವತ್ತು ವರ್ಷವಾದರೂ, ಯಾರಾದರೂ 'ನಿಮ್ಮದು ಯಾವೂರು?' ಎಂದು ಕೇಳಿದರೆ ಈ ಅರಸರ ಕಥೆಯನ್ನು ಸೇರಿಸಿಯೇ ಹೇಳುತ್ತಿದ್ದೆ. ಎರಡೆರಡು ಪುಸ್ತಕಗಳಲ್ಲಿ ಅಚ್ಚಾಗಿದೆ, ಇಸವಿಯೂ ಇದೆ. ಇನ್ನೇನು ಬೇಕು?

ಹೋದ ಬೇಸಿಗೆಯಲ್ಲಿ ಊರ ಮನೆಯ ಅಟ್ಟ ಖಾಲಿ ಮಾಡುವಾಗ ತಾತನ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಅಡಿಕೆಯ ಧಾರಣೆ, ಕೂಲಿಯ ಬಟವಾಡೆ, ಕೊಟ್ಟ ಸಾಲ, ಬಂದ ಬಡ್ಡಿ. ಕೊನೆಯ ಪುಟದಲ್ಲಿ ಮಾತ್ರ ಮನೆಯ ಸಂಗತಿ ನಾಲ್ಕು ಸಾಲು. ಅದರಲ್ಲಿ ಒಂದು: ಧಾತು ಸಂವತ್ಸರದಲ್ಲಿ ನಮ್ಮ ತಾತನವರು ಶಿರಾ ಸೀಮೆ ಬಿಟ್ಟು ಬಂದರು. ಅಷ್ಟೇ. ಶಕ ವರ್ಷವಿಲ್ಲ, ಇಸವಿಯಿಲ್ಲ, ಅರಸರೂ ಇಲ್ಲ.

ಈ ಪ್ರಬಂಧ ಆ ಒಂದು ಸಾಲಿನ ಬೆನ್ನು ಹತ್ತಿ ಹೋದ ಕಥೆ. ಮನೆತನದ ಇತಿಹಾಸ ಹುಡುಕುವ ಆಸೆ ನಮ್ಮಲ್ಲಿ ಅನೇಕರಿಗಿದೆ. ಊರು ಬಿಟ್ಟು ದೂರ ಬಂದವರಿಗೆ ಸ್ವಲ್ಪ ಹೆಚ್ಚೇ ಇದೆ. ಹುಡುಕುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಸಿಕ್ಕಿದ್ದನ್ನು ಪರೀಕ್ಷಿಸುವುದು ಮಾತ್ರ ಇಂದಿಗೂ ಕಷ್ಟ. ನಾನು ಕಲಿತದ್ದು ಒಂದೇ ಪಾಠ: ಪುಸ್ತಕಗಳನ್ನು ಎಣಿಸಬಾರದು, ಸಾಕ್ಷಿಗಳನ್ನು ಎಣಿಸಬೇಕು.

*

ಮೊದಲು ಸಂವತ್ಸರದ ಲೆಕ್ಕ. ನಮ್ಮ ಹಿರಿಯರು ಬರೆದಿಟ್ಟ ಕಾಗದಗಳಲ್ಲಿ ಇಸವಿಗಿಂತ ಹೆಚ್ಚಾಗಿ ಸಿಗುವುದು ಸಂವತ್ಸರದ ಹೆಸರು. ಪ್ರಭವದಿಂದ ಕ್ಷಯದವರೆಗೆ ಅರವತ್ತು ಹೆಸರುಗಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ನಮ್ಮ ಕಡೆಯ ಪಂಚಾಂಗದ ಪ್ರಕಾರ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ ಉಳಿಯದಿದ್ದರೆ ಅದು ಅರವತ್ತನೆಯದು. ಶಕ 1798ಕ್ಕೆ 12 ಕೂಡಿಸಿದರೆ 1810. 60ರಿಂದ ಭಾಗಿಸಿದರೆ ಶೇಷ 10. ಹತ್ತನೆಯದು ಧಾತು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ: 1876. ಯುಗಾದಿಯಿಂದ ಯುಗಾದಿಗೆ ವರ್ಷವಾದ್ದರಿಂದ ಅದು 1877ರ ಮಾರ್ಚ್‌ವರೆಗೂ ನಡೆಯುತ್ತದೆ.

ಆದರೆ ಶಕ 1738ಕ್ಕೆ ಇದೇ ಲೆಕ್ಕ ಹಾಕಿ ನೋಡಿ. 1750, ಶೇಷ ಮತ್ತೆ 10. ಅದೂ ಧಾತುವೇ, ಇಸವಿ 1816. ಮುಂದೆ 1936ರಲ್ಲೂ ಧಾತು ಬಂದಿತ್ತು. ಅಂದರೆ ತಾತನ ಒಂದು ಸಾಲಿಗೆ ಕನಿಷ್ಠ ಎರಡು ಅರ್ಥ ಸಾಧ್ಯ. 1983ರ ಸಂಚಿಕೆಗೆ ಬರೆದವರು ಆ ಎರಡರಲ್ಲಿ ಹಳೆಯದನ್ನು ಆರಿಸಿಕೊಂಡಿದ್ದರು.

ಇಲ್ಲಿ ನಮ್ಮ ಕಡೆಯ ಇನ್ನೊಂದು ಪದ್ಧತಿಯೂ ಸೇರಿಕೊಳ್ಳುತ್ತದೆ. ಮೊಮ್ಮಗನಿಗೆ ತಾತನ ಹೆಸರಿಡುವುದು. ತಾತನ ಹೆಸರೂ ಅವರ ತಾತನ ಹೆಸರೂ ಒಂದೇ. ಎರಡು ತಲೆಮಾರಿಗೆ ಹೆಸರು ಮರಳುತ್ತದೆ. ಅರವತ್ತು ವರ್ಷಕ್ಕೆ ಸಂವತ್ಸರ ಮರಳುತ್ತದೆ. ಅರವತ್ತು ವರ್ಷವೆಂದರೆ ಹೆಚ್ಚುಕಡಿಮೆ ಎರಡು ತಲೆಮಾರು. ಹೀಗಾಗಿ ಅದೇ ಹೆಸರಿನ ಮನುಷ್ಯ, ಅದೇ ಹೆಸರಿನ ವರ್ಷದಲ್ಲಿ, ನಮ್ಮ ಕಾಗದಗಳಲ್ಲಿ ಎರಡು ಸಲ ಕಾಣಿಸಿಕೊಳ್ಳಬಹುದು. ಒಬ್ಬರನ್ನು ಇಬ್ಬರೆಂದೋ ಇಬ್ಬರನ್ನು ಒಬ್ಬರೆಂದೋ ತಿಳಿಯುವುದು ಬಹಳ ಸುಲಭ. ದಕ್ಷಿಣದ ಮನೆತನಗಳ ಇತಿಹಾಸದಲ್ಲಿ ಅರವತ್ತು ವರ್ಷದ ತಪ್ಪು ಕಂಡರೆ ಆಶ್ಚರ್ಯಪಡಬೇಕಿಲ್ಲ. ಅದನ್ನೇ ಮೊದಲು ಸಂಶಯಿಸಬೇಕು.

ಸಂಶಯ ಬಂದ ಮೇಲೆ ಉಳಿದದ್ದು ಒಂದು ಕಳೆಯುವ ಲೆಕ್ಕ. ತಾತ ಹುಟ್ಟಿದ್ದು 1911. 1983ರ ಸಂಚಿಕೆಯ ಪ್ರಕಾರ ಮೂಲಪುರುಷರು, ಅವರ ಮಗ, ಆಮೇಲೆ ತಾತ: ಮೂರೇ ತಲೆಮಾರು. ಮೂಲಪುರುಷರು 1816ರಲ್ಲಿ ಸಂಸಾರಸಮೇತ ಬಂದವರಾದರೆ, ಆಗ ಅವರ ಮಗನಿಗೆ ಒಂದೇ ವರ್ಷ ಎಂದಿಟ್ಟುಕೊಂಡರೂ, ಆ ಮಗನಿಗೆ ತಾತ ಹುಟ್ಟುವಾಗ ತೊಂಬತ್ತಾರು ವಯಸ್ಸು. ನಲವತ್ತು ವರ್ಷ ಆ ಸಂಚಿಕೆ ನಮ್ಮ ಮನೆಯ ಕಪಾಟಿನಲ್ಲಿತ್ತು. ಯಾರೂ ಕಳೆದು ನೋಡಿರಲಿಲ್ಲ.

ತಪ್ಪು ಹೇಳಿದೆ. ಒಬ್ಬರು ನೋಡಿದ್ದರು. ಅದಕ್ಕೆ ಆಮೇಲೆ ಬರುತ್ತೇನೆ.

*

ಹಾಗಾದರೆ 1816ಕ್ಕೋ 1876ಕ್ಕೋ ಹೊರಗಿನ ಸಾಕ್ಷಿ ಎಲ್ಲಿ ಸಿಗುತ್ತದೆ? ನಮ್ಮಂತಹ ಸಾಧಾರಣ ಮನೆತನದವರ ಹೆಸರು ಪುಸ್ತಕದಲ್ಲಿ ಇರುತ್ತದೆಯೆ? ಹೆಸರು ಇರುವುದು ಅಪರೂಪ. ಆದರೆ ಅವರು ಬದುಕಿದ ಊರು, ನಡೆದ ದಾರಿ, ತೆತ್ತ ಕಂದಾಯ, ಬಿದ್ದ ಬರ ಇವೆಲ್ಲ ಅಚ್ಚಾಗಿವೆ. ಎಲ್ಲಿ ಹುಡುಕಬೇಕೆಂಬುದನ್ನು ಇಂದಿನ ಭೂಪಟ ಹೇಳುವುದಿಲ್ಲ, ಅಂದಿನ ಆಡಳಿತ ಹೇಳುತ್ತದೆ.

ಕರ್ನಾಟಕ 1956ರಲ್ಲಿ ಒಂದಾಗುವ ಮುಂಚೆ ನಮ್ಮ ಹಿರಿಯರು ಬೇರೆ ಬೇರೆ ಸರ್ಕಾರಗಳ ಕೆಳಗಿದ್ದರು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಾದರೆ ಮುಂಬಯಿ ಪ್ರಾಂತ್ಯ. ಉತ್ತರ ಕನ್ನಡ ಮೊದಲು ಮದ್ರಾಸಿಗೆ ಸೇರಿದ್ದು 1862ರಲ್ಲಿ ಮುಂಬಯಿಗೆ ಹೋಯಿತು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿನವು. ಬೀದರ್, ಕಲಬುರಗಿ, ರಾಯಚೂರು ನಿಜಾಮರವು. ಹಾಗಾಗಿ ಮುಂಬಯಿ, ಚೆನ್ನೈ, ಹೈದರಾಬಾದಿನಲ್ಲಿರುವ ನಮ್ಮವರು ಊರಿನಿಂದ ದೂರ ಇದ್ದೇವೆ ಎಂದುಕೊಂಡರೂ ಊರಿನ ದಾಖಲೆಗಳಿಗೆ ಹತ್ತಿರವೇ ಇದ್ದಾರೆ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರದ ಪತ್ರಾಗಾರ, ಪುಣೆಯ ಪೇಶ್ವೆ ದಫ್ತರ, ಚೆನ್ನೈನ ಎಗ್ಮೋರಿನ ತಮಿಳುನಾಡು ಪತ್ರಾಗಾರ, ಹೈದರಾಬಾದಿನ ತಾರ್ನಾಕದಲ್ಲಿರುವ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ: ಇವುಗಳಲ್ಲಿ ನಮ್ಮ ಜಿಲ್ಲೆಗಳ ಕಾಗದಗಳಿವೆ. ಅಚ್ಚಾದ ಪುಸ್ತಕಗಳಿಗಾದರೆ ಇನ್ನೂ ಅನುಕೂಲ. 1954ರ ಕಾಯಿದೆಯ ಪ್ರಕಾರ ದೇಶದ ಪ್ರಕಾಶಕರು ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಕೊಲ್ಕತ್ತ, ಚೆನ್ನೈ, ಮುಂಬಯಿ, ದೆಹಲಿಯ ಗೊತ್ತಾದ ಗ್ರಂಥಾಲಯಗಳಿಗೆ ಕೊಡಬೇಕು. ಚೆನ್ನೈನ ಕನ್ನಿಮೆರಾ ಗ್ರಂಥಾಲಯ ಅವುಗಳಲ್ಲಿ ಒಂದು. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಓದಿದವರಿದ್ದ ಮನೆಯಾದರೆ ಒಂದು ಸುಲಭದ ದಾರಿಯಿದೆ: ವಿಶ್ವವಿದ್ಯಾಲಯಗಳು ವರ್ಷವರ್ಷ ಅಚ್ಚು ಹಾಕಿಸುತ್ತಿದ್ದ ಕ್ಯಾಲೆಂಡರುಗಳು. ತೇರ್ಗಡೆಯಾದ ಪದವೀಧರರ ಪಟ್ಟಿ ಅವುಗಳಲ್ಲಿರುತ್ತದೆ. ಮೈಸೂರು ವಿಶ್ವವಿದ್ಯಾಲಯ ಆರಂಭವಾದದ್ದು 1916ರಲ್ಲಿ. ಅದಕ್ಕೂ ಮುಂಚೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬಿ.ಎ. ಮಾಡಿದ ಮುತ್ತಜ್ಜನನ್ನು ಮದ್ರಾಸ್ ವಿಶ್ವವಿದ್ಯಾಲಯದ ಕ್ಯಾಲೆಂಡರಿನಲ್ಲಿ ಹುಡುಕಬೇಕು. ಧಾರವಾಡದ ಕಡೆಯವರನ್ನು ಮುಂಬಯಿ ವಿಶ್ವವಿದ್ಯಾಲಯದ್ದರಲ್ಲಿ.

ಹುಡುಕುವಾಗ ಊರ ಹೆಸರು ಕೈಕೊಡುತ್ತದೆ. ಚಿತ್ರದುರ್ಗ ಅಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಚಿತಲ್‌ದ್ರೂಗ್. ಇಂದಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು ಆಗ ಕಡೂರು ಜಿಲ್ಲೆ. ವಿಜಯಪುರ ಜಿಲ್ಲೆಯನ್ನು 1870ರ ದಶಕದ ವರದಿಗಳಲ್ಲಿ ಹುಡುಕುವವರು ಕಲಾದಗಿ ಎಂದು ಹುಡುಕಬೇಕು. ನಾನು ಮೊದಲ ಎರಡು ವಾರ ಚಿಕ್ಕಮಗಳೂರು ಜಿಲ್ಲೆಯನ್ನು ಹುಡುಕುತ್ತ ಕಳೆದೆ. ಕಡೂರಿನ ಪುಟಗಳನ್ನು ಆ ಊರಿಗೆ ಮಾತ್ರ ಸೇರಿದ್ದೆಂದು ಬಿಟ್ಟುಬಿಟ್ಟಿದ್ದೆ. ಇಸವಿಗಳದ್ದೂ ಇದೇ ಪಾಡು. ನಿಜಾಮರ ಕಡೆಯ, ಮದ್ರಾಸಿನ ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಇಸವಿ ಬರುತ್ತದೆ. ಉತ್ತರ ಭಾರತದ ಪಂಚಾಂಗದಲ್ಲಿ ಸಂವತ್ಸರದ ಹೆಸರು ನಮ್ಮದರ ಜೊತೆ ಹೊಂದುವುದಿಲ್ಲ ಎಂಬುದನ್ನು ದೆಹಲಿಯ ಓದುಗರು ನೆನಪಿಟ್ಟುಕೊಳ್ಳಬೇಕು.

*

ಮೈಸೂರು ಸಂಸ್ಥಾನದ ಮಟ್ಟಿಗೆ ನಾನು ಕೈಗೆತ್ತಿಕೊಂಡ ಮೊದಲ ಪುಸ್ತಕ ಬಿ.ಎಲ್. ರೈಸ್ ಅವರ ಗೆಜೆಟಿಯರ್. ಮೂರು ಸಂಪುಟಗಳು, 1876ರಿಂದ 1878ರವರೆಗೆ ಬಂದವು. ಅದರ ಪರಿಷ್ಕೃತ ಆವೃತ್ತಿ 1897ರದು. ಆಮೇಲೆ ಸಿ. ಹಯವದನರಾಯರ ಗೆಜೆಟಿಯರ್ 1927ರಿಂದ 1930ರವರೆಗೆ ಬಂತು. ಮುಂಬಯಿ ಕರ್ನಾಟಕದವರಿಗೆ ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗೆಜೆಟಿಯರ್ ಇದೆ. ಅದರ ಬೆಳಗಾವಿ, ಧಾರವಾಡ, ಬಿಜಾಪುರ ಸಂಪುಟಗಳು 1884ರವು.

ಗೆಜೆಟಿಯರುಗಳು ಒಳ್ಳೆಯ ಪುಸ್ತಕಗಳು. ಆದರೆ ಅವುಗಳನ್ನು ಸಾಲಾಗಿಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಒಂದು ಊರಿನ ಬಗ್ಗೆ ಮೊದಲ ಆವೃತ್ತಿಯಲ್ಲಿ ಬಂದ ವಾಕ್ಯ ಎರಡನೆಯದರಲ್ಲೂ ಬರುತ್ತದೆ, ಮೂರನೆಯದರಲ್ಲೂ ಬರುತ್ತದೆ. ಸ್ವಾತಂತ್ರ್ಯಾನಂತರದ ಜಿಲ್ಲಾ ಗೆಜೆಟಿಯರಿನಲ್ಲಿ, ಅಲ್ಲಿಂದ ಸ್ಮರಣ ಸಂಚಿಕೆಯಲ್ಲಿ, ಅಲ್ಲಿಂದ ಅಂತರ್ಜಾಲದಲ್ಲಿ. ಐದು ಕಡೆ ಓದಿದ ನಮಗೆ ಐವರು ಸಾಕ್ಷಿ ಹೇಳಿದಂತೆ ಅನ್ನಿಸುತ್ತದೆ. ಹೇಳಿದವನು ಒಬ್ಬನೇ, ಉಳಿದವರು ನಕಲು ಮಾಡಿದವರು. ಆ ಒಬ್ಬನಿಗೆ ಯಾರು ಹೇಳಿದರು ಎಂಬುದೇ ಮುಖ್ಯ ಪ್ರಶ್ನೆ.

ಇದಕ್ಕೆ ಒಳ್ಳೆಯ ಉದಾಹರಣೆ ಕೈಫಿಯತ್ತುಗಳು. ಟಿಪ್ಪು ಮಡಿದ ಮೇಲೆ ಕಾಲಿನ್ ಮೆಕೆಂಜಿ ಮೈಸೂರಿನ ಮೋಜಣಿ ಕೈಗೊಂಡರು. ಅವರ ಕೈಕೆಳಗಿನ ದೇಶೀಯ ಸಹಾಯಕರು ಊರೂರಿನಿಂದ ಸ್ಥಳಚರಿತ್ರೆಗಳನ್ನು ಬರೆಸಿಕೊಂಡರು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ನಿಮ್ಮ ಊರಿನ ಗೌಡರ, ಪಾಳೆಯಗಾರರ ಹೆಸರು ಅದರಲ್ಲಿ ಸಿಕ್ಕರೆ ಮೈ ಜುಮ್ಮೆನ್ನುತ್ತದೆ. ಜುಮ್ಮೆಂದ ಮೇಲೆ ಒಂದು ಕ್ಷಣ ನಿಲ್ಲಬೇಕು. ರಾಜ್ಯ ಕೈಬದಲಾಗಿ, ಯಾರ ಮಾನ್ಯ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬ ಆತಂಕವಿದ್ದ ಕಾಲ ಅದು. ಹೊಸ ಸರ್ಕಾರದ ಕಡೆಯವರು ಬಂದು ನಿಮ್ಮ ಪೂರ್ವೋತ್ತರ ಹೇಳಿ ಎಂದರೆ, ಹೇಳುವವರು ತಮ್ಮ ಹಕ್ಕು ಎಷ್ಟು ಹಳೆಯದು ಎಂಬುದನ್ನು ಒತ್ತಿ ಹೇಳದೆ ಇರುತ್ತಾರೆಯೆ? 1800ರ ಆಸುಪಾಸಿನ ಸಂಗತಿಗೆ ಅವರ ಮಾತು ಬಲವಾದ ಸಾಕ್ಷಿ. ಅದಕ್ಕೂ ಮುನ್ನೂರು ವರ್ಷ ಹಿಂದಿನದಕ್ಕೆ ಅದು ಕೇಳಿದ ಮಾತು.

ಜಾತಿಗಳ ಬಗೆಗಿನ ದೊಡ್ಡ ಸಂಪುಟಗಳನ್ನೂ ಹೀಗೆಯೇ ಓದಬೇಕು. ಥರ್ಸ್ಟನ್ ಅವರ ಏಳು ಸಂಪುಟಗಳು 1909ರಲ್ಲಿ ಬಂದವು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಸಂಪುಟಗಳು 1928ರಿಂದ 1935ರವರೆಗೆ ಬಂದವು. ಮದುವೆಯ ಶಾಸ್ತ್ರ, ಬೆಡಗು, ಕುಲದೇವರು ಇವುಗಳಿಗೆ ಅವು ಬಹಳ ಉಪಯುಕ್ತ. ಆದರೆ ಇಂಥ ಸಮುದಾಯದವರು ಎಲ್ಲಿಂದ ಬಂದರು ಎಂಬ ಉತ್ಪತ್ತಿಯ ಕಥೆಗಳು ಬರೆದವರು ಕಂಡದ್ದಲ್ಲ. 1901ರ ಜನಗಣತಿಯಲ್ಲಿ ಜಾತಿಗಳನ್ನು ಮೇಲುಕೀಳಿನ ಶ್ರೇಣಿಯಲ್ಲಿ ಜೋಡಿಸುವ ಪ್ರಯತ್ನ ನಡೆದಾಗ ದೇಶದ ಉದ್ದಗಲಕ್ಕೂ ಸಮುದಾಯಗಳು ಅರ್ಜಿ ಬರೆದವು, ಚರಿತ್ರೆ ಬರೆಸಿದವು. ಆ ಕಾಲದ ಪುಸ್ತಕಗಳಲ್ಲಿ ಪೂರ್ವಜರಷ್ಟೇ ಅರ್ಜಿದಾರರೂ ಮಾತಾಡುತ್ತಾರೆ.

ಶಾಸನಗಳು ಕಲ್ಲಿನ ಮೇಲಿರುವುದರಿಂದ ಸುಳ್ಳಾಡುವುದಿಲ್ಲ ಎಂಬ ನಂಬಿಕೆ ನಮಗಿದೆ. ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಜಿಲ್ಲೆಯ ಸಂಪುಟ ಹನ್ನೆರಡನೆಯದು, 1904ರದು. ರೈಸ್ ಅವರ ಆ ಹಳೆಯ ಸಂಪುಟಗಳಲ್ಲಿ ಶಾಸನದ ಕನ್ನಡ ಪಾಠವೂ ಇದೆ, ರೋಮನ್ ಲಿಪಿಯ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಅನುವಾದ ಮಾತ್ರ ನೋಡಿ ಬಿಡಬಾರದು, ಪಾಠವನ್ನೇ ಓದಬೇಕು. ಮೈಸೂರು ವಿಶ್ವವಿದ್ಯಾಲಯ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಗಳು ಹಳೆಯವಕ್ಕೆ ಹೊಂದುವುದಿಲ್ಲ. ಯಾವ ಆವೃತ್ತಿ ಎಂದು ಹೇಳದೆ ಬರೀ ಸಂಖ್ಯೆ ಕೊಟ್ಟ ಉಲ್ಲೇಖ ನಿಮ್ಮನ್ನು ಬೇರೆ ಜಿಲ್ಲೆಗೇ ಕರೆದೊಯ್ಯಬಹುದು. ಶಾಸನದಲ್ಲಿ ಶಕ ವರ್ಷವೂ ಸಂವತ್ಸರವೂ ಇದ್ದರೆ ಮೇಲೆ ಹೇಳಿದ ಲೆಕ್ಕ ಹಾಕಿ ಎರಡೂ ಹೊಂದುತ್ತವೆಯೆ ನೋಡಬಹುದು. ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ, ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾರೋ ಕಳೆದ ವರ್ಷವನ್ನೋ ಎಂಬುದರಿಂದ ಹಾಗಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಶಾಸನದಲ್ಲಿ ನಿಮ್ಮ ಮನೆತನದ ಹೆಸರಿನ ಗೌಡನೊಬ್ಬ ಸಿಕ್ಕಿದ ಮಾತ್ರಕ್ಕೆ ಅವನು ನಿಮ್ಮವನಾಗುವುದಿಲ್ಲ. ತಿಮ್ಮಯ್ಯ, ರಂಗಪ್ಪ, ಬಸವಣ್ಣ ಎಂಬ ಹೆಸರುಗಳು ಪ್ರತಿ ಊರಿನಲ್ಲೂ ಇದ್ದವು.

*

ಇನ್ನು 1876. ಈ ಇಸವಿಯನ್ನು ಕಂಡಾಗಲೇ ನಿಮ್ಮಲ್ಲಿ ಕೆಲವರಿಗೆ ಹೊಳೆದಿರಬೇಕು. ಧಾತು ಮತ್ತು ಅದರ ಮುಂದಿನ ಈಶ್ವರ ಸಂವತ್ಸರಗಳು ನಮ್ಮ ಹಿರಿಯರ ಬಾಯಲ್ಲಿ ಬರೀ ವರ್ಷದ ಹೆಸರಲ್ಲ, ಒಂದು ಬರದ ಹೆಸರು: ಧಾತು ಈಶ್ವರ ಬರ. 1876ರಲ್ಲಿ ಮಳೆ ಕೈಕೊಟ್ಟು, 1878ರವರೆಗೆ ದಕ್ಷಿಣವನ್ನು ಸುಟ್ಟ ಬರ ಅದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಬೆಳೆಯಬೇಕಾಗಿದ್ದ ಸಂಖ್ಯೆ 8,69,224ರಷ್ಟು ಇಳಿದಿತ್ತು. ತುಮಕೂರು, ಚಿತ್ರದುರ್ಗ, ಕೋಲಾರದಂತಹ ಬಯಲುಸೀಮೆಗೆ ಹೊಡೆತ ಹೆಚ್ಚು, ಮಲೆನಾಡಿಗೆ ಕಡಿಮೆ.

ಜನಗಣತಿಯ ವರದಿಗಳಲ್ಲಿ ಜನರ ಹೆಸರುಗಳಿಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಗಣತಿಯ ಹಾಳೆಗಳಲ್ಲಿ ಮುತ್ತಜ್ಜನ ಮನೆಯನ್ನೇ ನೋಡಬಹುದು. ನಮ್ಮಲ್ಲಿ ಅಚ್ಚಾದದ್ದು ಸಂಖ್ಯೆಗಳ ಕೋಷ್ಟಕ ಮಾತ್ರ. ಆ ಕೋಷ್ಟಕಗಳು ನನ್ನ ಮುತ್ತಜ್ಜನನ್ನು ತೋರಿಸಲಾರವು. ಅವನು ಯಾವ ಗುಂಪಿನಲ್ಲಿ ನಡೆದು ಬಂದಿರಬಹುದು ಎಂಬುದನ್ನು ತೋರಿಸುತ್ತವೆ.

ಬರದ ಬಗ್ಗೆ ಅದೇ ಕಾಲದಲ್ಲಿ ಬರೆದ ಪುಸ್ತಕವೂ ಇದೆ. ವಿಲಿಯಂ ಡಿಗ್ಬಿ ಮದ್ರಾಸಿನಲ್ಲಿ ಪತ್ರಿಕೆಯೊಂದರ ಸಂಪಾದಕರಾಗಿದ್ದವರು, ಬರ ಪರಿಹಾರ ನಿಧಿಯ ಕಾರ್ಯದರ್ಶಿಯೂ ಆಗಿದ್ದರು. ಮದ್ರಾಸ್, ಮುಂಬಯಿ, ಮೈಸೂರು ಮೂರೂ ಕಡೆಯ ಬರವನ್ನು ಕುರಿತ ಅವರ ಎರಡು ಸಂಪುಟಗಳು 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅವರಿಗೂ ಒಂದು ಪಕ್ಷವಿತ್ತು: ಪರಿಹಾರದ ಕೆಲಸಕ್ಕೆ ಬಂದವರ ಕೂಲಿ ಕಡಿಮೆ ಮಾಡಿದ ಸರ್ಕಾರದ ನೀತಿಯನ್ನು ಅವರು ಟೀಕಿಸುತ್ತಾರೆ. ಅದನ್ನು ತಿಳಿದು ಓದಬೇಕು. ಆದರೆ ಅವರು ಬರೆದದ್ದು ಸಂಗತಿ ನಡೆದ ಒಂದೆರಡು ವರ್ಷದೊಳಗೆ, ತಮ್ಮ ಕೈಗೆ ಬಂದ ವರದಿಗಳನ್ನು ಇಟ್ಟುಕೊಂಡು. ನಮ್ಮ ಸ್ಮರಣ ಸಂಚಿಕೆ ಬರೆದದ್ದು ನೂರಾರು ವರ್ಷದ ಮೇಲೆ, ಏನನ್ನು ಇಟ್ಟುಕೊಂಡು ಎಂದು ಹೇಳದೆ.

ಕೊನೆಗೆ ಅರಸರು. 1816ರಲ್ಲಿ ಮೈಸೂರನ್ನು ಆಳುತ್ತಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಪೂರ್ಣಯ್ಯನವರು 1811ರಲ್ಲಿ ಬಿಟ್ಟುಕೊಟ್ಟ ಅಧಿಕಾರ ಅವರ ಕೈಯಲ್ಲೇ ಇತ್ತು. ಅವರು ಯಾರನ್ನಾದರೂ ಕರೆಸಿಕೊಂಡಿರಬಹುದು. ಆದರೆ 1831ರಿಂದ 1881ರವರೆಗೆ ಐವತ್ತು ವರ್ಷ ಮೈಸೂರಿನ ಆಡಳಿತ ನಡೆಸಿದ್ದು ಬ್ರಿಟಿಷ್ ಕಮಿಷನರುಗಳು. ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು. 1876ರಲ್ಲಿ ಚಾಮರಾಜೇಂದ್ರ ಒಡೆಯರು ಹದಿಮೂರು ವರ್ಷದ ಹುಡುಗ. ರಾಜ್ಯ ಅವರ ಕೈಗೆ ಬಂದದ್ದು 1881ರ ಮಾರ್ಚ್ 25ರಂದು. ಧಾತು 1876 ಆದರೆ ನಮ್ಮ ಹಿರಿಯರನ್ನು ಕರೆಸಿಕೊಳ್ಳುವ ಅರಸರೇ ಇರಲಿಲ್ಲ. ಅರಸರ ಕಥೆ ಉಳಿಯಬೇಕಾದರೆ ಧಾತು 1816ರದ್ದೇ ಆಗಬೇಕಿತ್ತು. ಇಸವಿಯಿಂದ ಕಥೆ ಹುಟ್ಟಿತೋ, ಕಥೆಗೆ ಬೇಕಾಗಿ ಇಸವಿ ಹುಟ್ಟಿತೋ? ಬರೆದವರು ಈಗಿಲ್ಲ, ಕೇಳುವಂತಿಲ್ಲ.

*

ಕಳೆಯುವ ಲೆಕ್ಕ ಮಾಡಿದ್ದ ಆ ಒಬ್ಬರು ನಮ್ಮ ದೊಡ್ಡಪ್ಪ. 2004ರ ವಂಶಾವಳಿಯಲ್ಲಿ ಮೂಲಪುರುಷರಿಂದ ತಾತನವರೆಗೆ ಮೂರಲ್ಲ, ಐದು ತಲೆಮಾರುಗಳಿವೆ. ಅದೇ ಎರಡು ಹೆಸರು ಒಂದು ಸಲ ಹೆಚ್ಚಾಗಿ ಬಂದಿವೆ. ಹಾಗಾಗಿ ಆ ಪುಸ್ತಿಕೆಯಲ್ಲಿ 1816ರಿಂದ 1911ರವರೆಗಿನ ಲೆಕ್ಕ ಚೊಕ್ಕವಾಗಿ ಕೂಡುತ್ತದೆ. ಮೊದಲ ಪುಸ್ತಕದ ತಪ್ಪು ಕಣ್ಣಿಗೆ ಕಾಣುವಂತಿತ್ತು. ಎರಡನೆಯದರಲ್ಲಿ ಅದು ಕಾಣದಂತಾಗಿತ್ತು. ಹೊಸ ಪುಸ್ತಕ ಹಳೆಯದಕ್ಕಿಂತ ಅಚ್ಚುಕಟ್ಟಾಗಿದೆ ಎಂಬುದೇ ಅದನ್ನು ಸಂಶಯಿಸಲು ಕಾರಣವಾಗಬಹುದು ಎಂದು ನನಗೆ ಹೊಳೆದದ್ದು ಆಗ.

ಊರಿಗೆ ಹೋದಾಗ ಕೇಳಿದೆ.

"ದೊಡ್ಡಪ್ಪ, ಈ ಎರಡು ಹೆಸರು ಎಲ್ಲಿ ಸಿಕ್ಕಿದವು ನಿಮಗೆ?"

ಅವರು ಕನ್ನಡಕ ಹಾಕಿಕೊಂಡು ಪುಟ ನೋಡಿದರು. "ಸಿಗೋದೇನು? ನಡುವೆ ಇಬ್ಬರು ಇರಲೇಬೇಕಲ್ಲಪ್ಪ. ಇಲ್ಲದಿದ್ರೆ ಲೆಕ್ಕ ಕೂಡಲ್ಲ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡೋದು ವಾಡಿಕೆ. ಅದಕ್ಕೇ ಹಾಗೆ ಹಾಕಿದೆ."

ಅವರು ಸುಳ್ಳು ಬರೆಯಲಿಲ್ಲ. ಲೆಕ್ಕ ಕೂಡದ್ದನ್ನು ಕಂಡವರು ಅವರೊಬ್ಬರೇ. ಆದರೆ ಸಂಶಯವನ್ನು ಇಸವಿಯ ಮೇಲೆ ಇಡುವ ಬದಲು ತಲೆಮಾರಿನ ಮೇಲೆ ಇಟ್ಟರು. 'ಇರಬೇಕು' ಎಂಬುದನ್ನು 'ಇದ್ದರು' ಎಂದು ಅಚ್ಚು ಹಾಕಿಸಿದರು. ಬದುಕೇ ಇರದ ಇಬ್ಬರಿಗೆ ಇಪ್ಪತ್ತು ವರ್ಷದಿಂದ ನಮ್ಮ ಮನೆಯವರು ಮಹಾಲಯದಲ್ಲಿ ತರ್ಪಣ ಬಿಡುತ್ತಿದ್ದಾರೆ.

ನಾನು ಬರದ ವಿಷಯ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೊಟ್ಟೆಗಿಲ್ಲದೆ ಬಂದವರು ಅಂತ ಪುಸ್ತಕದಲ್ಲಿ ಹಾಕಿಸ್ತೀಯೇನು?" ಎಂದರು.

ಒಳಗೆ ಹಲಸಿನಹಣ್ಣು ಬಿಡಿಸುತ್ತ ಕೂತಿದ್ದ ಅತ್ತೆ, ತಾತನ ಮಗಳು, ಅಲ್ಲಿಂದಲೇ ಮಾತು ಸೇರಿಸಿದರು. "ಅದ್ರಲ್ಲಿ ಏನಿದೆ ಅಣ್ಣಯ್ಯ? ಅಪ್ಪನೇ ಹೇಳ್ತಿದ್ರಲ್ಲ. ನಮ್ಮಜ್ಜ ಅವರಪ್ಪನ ಹೆಗಲ ಮೇಲೆ ಕೂತ್ಕೊಂಡು ಬಂದಿದ್ದಂತೆ. ಅಜ್ಜನಿಗೆ ಒಬ್ಬಳು ತಂಗಿ ಇದ್ಲಂತೆ. ಗಂಜಿ ಕೊಡೋ ಜಾಗಕ್ಕೆ ಮುಟ್ಟೋಕೆ ಮುಂಚೆ ದಾರೀಲೇ ಹೋಗ್ಬಿಟ್ಲಂತೆ."

"ಹೆಸರೇನಂತೆ ಅತ್ತೆ?"

"ಹೆಸರು ಯಾರು ಹೇಳಿದ್ರು?"

ಅತ್ತೆಗೆ ಆ ವರ್ಷ ಯಾವುದು, ಸಂವತ್ಸರ ಯಾವುದು ಗೊತ್ತಿಲ್ಲ. ಅವರ ಮಾತನ್ನೂ ಪರೀಕ್ಷಿಸಬೇಕು. ಅವರು ಕೇಳಿದ್ದು ತಂದೆಯಿಂದ, ತಂದೆ ಕೇಳಿದ್ದು ಹೆಗಲ ಮೇಲೆ ಕೂತು ಬಂದ ಆ ಹುಡುಗನಿಂದಲೇ, ನಡುವೆ ಒಬ್ಬರೇ. ಎರಡು ಪುಸ್ತಕಗಳಿಗೂ ಅದು ಹೊಂದುವುದಿಲ್ಲ, ಆದ್ದರಿಂದ ಪುಸ್ತಕ ಓದಿ ಹುಟ್ಟಿದ್ದಲ್ಲ. ಹೇಳುವುದರಿಂದ ಯಾರಿಗೂ ಹೆಮ್ಮೆಯಿಲ್ಲ, ಲಾಭವಿಲ್ಲ. 1876ರಲ್ಲಿ ಹುಡುಗನಿಗೆ ನಾಲ್ಕೈದು ವರ್ಷ ಎಂದಿಟ್ಟುಕೊಂಡರೆ, 1911ರಲ್ಲಿ ತಾತ ಹುಟ್ಟುವಾಗ ಅವನಿಗೆ ನಲವತ್ತು. ಶಿರಾ ಸೀಮೆಯಿಂದ ಮಲೆನಾಡಿನ ಕಡೆಗೆ ಎಂಬ ದಿಕ್ಕೂ ಹೊಂದುತ್ತದೆ. ತಾತನ ಸಾಲು, ಅತ್ತೆಯ ಮಾತು, ಗಣತಿಯ ಅಂಕಿ: ಒಂದನ್ನೊಂದು ನೋಡದ ಮೂರು ಸಾಕ್ಷಿಗಳು. ಅರಸರ ಕಥೆಗೆ ಇದ್ದದ್ದು ಎರಡು ಪುಸ್ತಕ, ಆದರೆ ಒಂದು ಸಾಕ್ಷಿಯೂ ಅಲ್ಲ.

ಹಾಗೆಂದು ಇದು ಸಾಬೀತಾಯಿತು ಎಂದು ನಾನು ಬರೆಯುವುದಿಲ್ಲ. ನಮ್ಮ ಹಿರಿಯರ ಹೆಸರಿರುವ ಅಂದಿನ ಕಾಗದ ಒಂದೂ ನನಗೆ ಸಿಕ್ಕಿಲ್ಲ. 'ಹೊಂದುತ್ತದೆ' ಎಂಬುದಕ್ಕೂ 'ಹೀಗೆಯೇ ನಡೆಯಿತು' ಎಂಬುದಕ್ಕೂ ನಡುವಿನ ಅಂತರವನ್ನು ಮುಚ್ಚಿಹಾಕಿದರೆ, ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬ ಸೋದರಳಿಯ ನನ್ನ ಪುಸ್ತಕವನ್ನು ಹಿಡಿದು ಇದೇ ಪ್ರಶ್ನೆ ಕೇಳಬೇಕಾಗುತ್ತದೆ.

ನೀವೂ ಮನೆತನದ ಪುಸ್ತಕ ಮಾಡಿಸುವ ಯೋಚನೆಯಲ್ಲಿದ್ದರೆ ನನ್ನದು ಒಂದೇ ಸಲಹೆ. ಪ್ರತಿ ಹೆಸರಿನ, ಪ್ರತಿ ಇಸವಿಯ ಮುಂದೆ, ಇದನ್ನು ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತು ಎಂದು ಒಂದು ಸಾಲು ಬರೆಯಿರಿ. ಪುಸ್ತಕದಿಂದ ತೆಗೆದುಕೊಂಡಿದ್ದರೆ ಯಾವ ಆವೃತ್ತಿ, ಯಾವ ಪುಟ ಎಂದು ಬರೆಯಿರಿ. ಊಹೆಯಾದರೆ ಊಹೆ ಎಂದೇ ಬರೆಯಿರಿ. ಅಚ್ಚಿನ ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೇ.

ಹೊರಡುವ ದಿನ ಬೆಳಿಗ್ಗೆ ದೊಡ್ಡಪ್ಪ ತಮ್ಮ ಪುಸ್ತಿಕೆಯ ಒಂದು ಪ್ರತಿ ತಂದುಕೊಟ್ಟರು. ವಂಶವೃಕ್ಷದ ಪುಟದಲ್ಲಿ ತಾವು ಸೇರಿಸಿದ್ದ ಎರಡು ಹೆಸರುಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. 1816ರ ಪಕ್ಕದಲ್ಲಿ '1876?' ಎಂದು ಬರೆದಿದ್ದರು. ಹೆಗಲ ಮೇಲೆ ಬಂದ ಹುಡುಗನ ಹೆಸರಿನ ಪಕ್ಕ ಹೊಸದಾಗಿ ಒಂದು ಸಣ್ಣ ಗೆರೆ, ಅದರ ಕೆಳಗೆ ಅವರ ಸೊಟ್ಟ ಅಕ್ಷರದಲ್ಲಿ: ತಂಗಿ, ಹೆಸರು ಗೊತ್ತಿಲ್ಲ, ದಾರಿಯಲ್ಲಿ ತೀರಿಕೊಂಡಳು. ತಂಗಿಯ ಮಾತಿನಿಂದ ತಿಳಿದದ್ದು.

ಈ ಸಲದ ಮಹಾಲಯಕ್ಕೆ ಎರಡು ಹೆಸರು ಕಡಿಮೆಯಾದವು. ಹೆಸರಿಲ್ಲದವಳನ್ನು ಹೇಗೆ ಕರೆಯುವುದು ಎಂದು ಪುರೋಹಿತರನ್ನು ಕೇಳಿದೆವು. ಅದಕ್ಕೂ ಒಂದು ಕ್ರಮವಿದೆ ಎಂದರು.